ಒಂದೇ ವಾರದಲ್ಲಿ ಬಡವಾದ ಓಣಿ

ಕೆಂಭಾವಿಯ ಬಸ್ ನಿಲ್ದಾಣದ ಎದುರಿಗೆ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಪಂಪಣ್ಣನಿಗೆ ಸರ್ಕಾರಿ ನೌಕರಿ ಸಿಗಲಿಲ್ಲ. ಅದು ಸರ್ಕಾರಕ್ಕೇ ಆದ ನಷ್ಟ ಎಂಬುದು ಅವನ ದೃಢವಾದ ಅಭಿಪ್ರಾಯ. ಇಪ್ಪತ್ತೆರಡು ವರ್ಷಗಳಿಂದ ಊರಿನವರ ಪಹಣಿ, ಆಧಾರ್, ಜಾತಿ ಪ್ರಮಾಣಪತ್ರ, ಲಗ್ನಪತ್ರಿಕೆ, ಮರಣಪತ್ರಗಳೆಲ್ಲ ಅವನ ಯಂತ್ರದ ಗಾಜಿನ ಮೇಲೆ ಮಲಗಿ ಎದ್ದು ಹೋಗಿದ್ದವು. ಒಂದೊಂದನ್ನೂ ಅವನು ಓದಿಯೇ ಕೊಡುತ್ತಿದ್ದ. ಪ್ರತಿಗೆ ಎರಡು ರೂಪಾಯಿ, ಸಲಹೆ ಪುಕ್ಕಟೆ. "ನಿಮ್ಮ ಅಜ್ಜನ ಹೆಸರಿನ್ಯಾಗ ಒಂದು ಕೊಂಬು ಕಮ್ಮಿ ಬಿದ್ದದ, ತಿದ್ದಸ್ರಿ" ಎಂದು ಅವನು ಅಂದರೆ ಸಾಕು, ಜನ ಗಾಬರಿಬಿದ್ದು ನಾಡಕಚೇರಿಗೆ ಓಡುತ್ತಿದ್ದರು. ಅಲ್ಲಿಯ ಗುಮಾಸ್ತ "ಏನೂ ಆಗಂಗಿಲ್ಲ, ಹೋಗ್ರಿ" ಎಂದು ಅಟ್ಟುತ್ತಿದ್ದ. ಆದರೂ ಜನ ನಂಬುತ್ತಿದ್ದುದು ಪಂಪಣ್ಣನನ್ನೇ. ಗುಮಾಸ್ತ ಮುಖ ಎತ್ತುತ್ತಿರಲಿಲ್ಲ. ಪಂಪಣ್ಣ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಮಾತಾಡುತ್ತಿದ್ದ.

ಇಂಥ ಪಂಪಣ್ಣನ ಅಂಗಡಿಗೆ ಒಂದು ಮಾರ್ಚ್ ತಿಂಗಳಲ್ಲಿ ನಮ್ಮ ಓಣಿಯ ರೇಷನ್ ಅಂಗಡಿಯ ಮಲ್ಕಪ್ಪ ಬಂದ. ಒಂದು ಕೈಯಲ್ಲಿ ಉದ್ದನೆಯ ಪುಸ್ತಕ, ಇನ್ನೊಂದು ಕೈಯಲ್ಲಿ ತಾನೇ ತರಿಸಿದ ಚಹಾ.

"ಪಂಪಣ್ಣೋರೆ, ರೇಷನ್ ಅಂಗಡಿಗೊಂದು ಜಾಗೃತಿ ಸಮಿತಿ ಅಂತ ಇರ್ತದ ನೋಡ್ರಿ. ಅದರಾಗ ಇದ್ದ ಒಬ್ಬ ಮೆಂಬರು ಮಗಳ ಮನಿಗೆ ಹೋಗಿ ಅಲ್ಲೇ ಉಳದಾರ. ಮ್ಯಾಲಿನವ್ರು ಹೊಸ ಹೆಸರು ಕೇಳಾಕತ್ಯಾರ. ಓಣ್ಯಾಗ ಕಾಯ್ದೆ ತಿಳಿದವ್ರು ಅಂದ್ರ ನೀವೊಬ್ಬರೇ."

ಪಂಪಣ್ಣ ಕನ್ನಡಕ ತೆಗೆದು ಒರೆಸಿದ. "ಏನ್ ಮಾಡಬೇಕಾಗ್ತದ?"

"ಏನಿಲ್ರಿ. ಜಾಗೃತ ಇರಬೇಕು, ಅಷ್ಟೇ. ತಿಂಗಳಿಗೊಂದು ಸಹಿ. ತಿಂಗಳಾ ತಿಂಗಳಾ ನಿಮಗ್ಯಾಕ ತ್ರಾಸ, ಈಗೇ ಹನ್ನೆರಡೂ ಮಾಡಿಬಿಡ್ರಿ."

ಊರಿನವರೆಲ್ಲರ ಕಾಗದ ಓದಿದ್ದ ಪಂಪಣ್ಣ ಆ ಪುಸ್ತಕವನ್ನು ಮಾತ್ರ ಓದಲಿಲ್ಲ. ಪುಟದ ತಲೆಯಲ್ಲಿ 'ಗೌರವಾನ್ವಿತ ಸದಸ್ಯರು' ಎಂದಿತ್ತು. ಅದರ ಕೆಳಗೆ ಇಳಿಯುವ ಅಗತ್ಯ ಅವನಿಗೆ ಕಾಣಲಿಲ್ಲ. ಹನ್ನೆರಡು ಪುಟಗಳಲ್ಲಿ ಹನ್ನೆರಡು ಸಹಿ ಒಗೆದ. ಒಂದಕ್ಕಿಂತ ಒಂದಕ್ಕೆ ಬಾಲ ಉದ್ದ.

ಮುಂದಿನ ವಾರ ಸುರಪುರದಲ್ಲಿ ಸಮಿತಿಯ ಸದಸ್ಯರಿಗೆಲ್ಲ ಒಂದು ದಿನದ ತರಬೇತಿ. ಬಸ್ಸು ನಡುದಾರಿಯಲ್ಲಿ ಪಂಕ್ಚರಾಗಿ ಪಂಪಣ್ಣ ಮುಟ್ಟುವ ಹೊತ್ತಿಗೆ ಸಭಾಂಗಣ ತುಂಬಿತ್ತು. ಉಳಿದಿದ್ದು ಹಿಂದಿನ ಸಾಲಿನಲ್ಲಿ, ಕೂಲರಿನ ಪಕ್ಕದ ಒಂದು ಕುರ್ಚಿ. ಆ ಕೂಲರು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಜಾತಿಯದು. ವೇದಿಕೆಯ ಮೇಲೆ ಆಹಾರ ನಿರೀಕ್ಷಕಿ ಸುನಿತಾ ಮೇಡಂ ಮಾತಾಡುತ್ತಿದ್ದರು. ಪಂಪಣ್ಣನಿಗೆ ಕೇಳಿಸಿದ್ದು ಇಷ್ಟು: "ಮನೆಯಲ್ಲಿ ಫ್ರಿಜ್ಜು... ಬೈಕು... ಇದ್ದರೆ ಕಾರ್ಡು ರದ್ದು... ಸುಳ್ಳು... ಜನರಿಗೆ ತಿಳಿಸುವುದು ನಿಮ್ಮ ಜವಾಬ್ದಾರಿ." ನಡುವೆ ಬಿಟ್ಟುಹೋದದ್ದನ್ನೆಲ್ಲ ಕೂಲರು ನುಂಗಿತ್ತು. ಹೊಸ ಡೈರಿಯಲ್ಲಿ ಅವನು ಶ್ರದ್ಧೆಯಿಂದ ಬರೆದುಕೊಂಡ: 'ಫ್ರಿಜ್ಜು, ಬೈಕು ಇದ್ದರೆ ಕಾರ್ಡು ರದ್ದು. ಸುಳ್ಳು ಹೇಳುವವರ ಮೇಲೆ ನಿಗಾ.' ಪಲಾವಿನ ಪೊಟ್ಟಣ ತಿಂದು, ಹೊತ್ತು ಮುಳುಗುವುದರೊಳಗೆ ಕೆಂಭಾವಿಗೆ ವಾಪಸ್ಸಾದ.

ಮರುದಿನ ಅವನ ಕೊರಳಲ್ಲಿ ಕೆಂಪು ಪಟ್ಟಿಯ ಗುರುತಿನ ಚೀಟಿ ತೂಗುತ್ತಿತ್ತು. ಯಾರೂ ಕೊಟ್ಟದ್ದಲ್ಲ, ಯಂತ್ರ ಮನೆಯದೇ, ಲ್ಯಾಮಿನೇಷನ್ನೂ ಮನೆಯದೇ. ಫೋಟೊ ತುಸು ದೊಡ್ಡದಾದ್ದರಿಂದ 'ನ್ಯಾಯಬೆಲೆ ಅಂಗಡಿ' ಎಂಬ ಎರಡು ಪದಗಳಿಗೆ ಜಾಗ ಸಾಲದೆ 'ಜಾಗೃತಿ ಸಮಿತಿ' ಎಂದಷ್ಟೇ ಉಳಿದಿತ್ತು.

ಹೆಂಡತಿ ಪಾರ್ವತಿಬಾಯಿ ರೊಟ್ಟಿ ಬಡಿಯುತ್ತಿದ್ದಳು. "ಏನ್ರಿ ಅದು ಕೊರಳಾಗ?"

"ಅಧಿಕಾರ."

"ಹೌದೇನು? ಜರಾ ಬಾಜೂಕ ಸರೀರಿ. ನಿಮ್ಮ ಅಧಿಕಾರ ಹಿಟ್ಟಿನ್ಯಾಗ ಅದ್ದಾಕತ್ತದ."

ಪಂಪಣ್ಣ ಸರಿದು ನಿಂತು ಫ್ರಿಜ್ಜಿನ ಕಾಯ್ದೆ ವಿವರಿಸಿದ. ಪಾರ್ವತಿಬಾಯಿಗೆ ಅದು ಹತ್ತು ವರ್ಷದ ಹಳೆಯ ಹುಣ್ಣು. "ಒಂದು ಫ್ರಿಜ್ಜು ತರ್ರಿ, ತರ್ರಿ ಅಂತ ಬಡಕೊಂಡೆ. ಮಣ್ಣಿನ ಗಡಿಗಿ ತಂದು ಇಟ್ರಿ."

"ನೋಡಿದ್ಯಾ? ತಂದಿದ್ರ ಇವತ್ತು ನಮ್ಮ ಕಾರ್ಡು ಹೋಗ್ತಿತ್ತು. ನಾ ಮುಂದಿಂದು ನೋಡಿ ಬಾಳ್ವಿ ಮಾಡಾವ."

"ಮತ್ತ ಹೊರಗ ನಿಂತದಲ್ಲ, ಸ್ಕೂಟರು?"

ಪಂಪಣ್ಣ ಚೀಟಿಗೆ ಹತ್ತಿದ ಹಿಟ್ಟು ಜಾಡಿಸಿದ. "ಅದು ತಪಾಸಣಾ ವಾಹನ."

ಅಂದಿನಿಂದಲೇ ಓಣಿಯ ತಪಾಸಣೆ ಶುರುವಾಯಿತು. ಮೊದಲು ಮೌನಮ್ಮನ ಮನೆ. ಹೆಸರು ಮೌನಮ್ಮನಾದರೂ ಆಕೆಯ ದನಿ ಬಸ್ ನಿಲ್ದಾಣದವರೆಗೂ ಕೇಳಿಸುತ್ತದೆ. ಮೂಲೆಯಲ್ಲಿ ಫ್ರಿಜ್ಜು, ಅದರ ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರ.

"ಇದು ಎಷ್ಟ ದಿನದಿಂದ ನಡೀತದವ್ವಾ?"

"ಇದು ಬಂದ್ ಬಿದ್ದದ."

"ಯಾವಾಗಿಂದ?"

"ನೀ ಬಾಗಲಾಗ ಕಂಡಾಗಿಂದ," ಎಂದು ಮೌನಮ್ಮ ಒಳಗೆ ಹೋದಳು.

ಅವನು ಎರಡನ್ನೂ ಬರೆದುಕೊಂಡ. ಮುಂದಿನದು ಸರದಾರಸಾಬನ ಮನೆ. ಬಸ್ ನಿಲ್ದಾಣದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಮುದುಕ. ಫ್ರಿಜ್ಜು ಎಂದದ್ದೇ ತಡ, ಅವನ ಮುಖ ಬಾಡಿತು. "ಅದರ ಮಾತು ತಗೀಬ್ಯಾಡ್ರಿ ಪಂಪಣ್ಣೋರೆ. ಮಗಳಿಗೆ ಅಂತ ಕೊಂಡದ್ದು. ಅಳಿಯ 'ಇದು ಥಂಡ ಮಾಡಂಗಿಲ್ಲ' ಅಂತ ಎರಡು ಸಲ ವಾಪಸ್ ಕಳಿಸ್ಯಾನ. ಈಗ ಒಳಗ ಬಟ್ಟಿ ಇಟ್ಟೀವಿ." ಬಾಗಿಲು ತೆಗೆದು ತೋರಿಸಿದ. ಮೊಟ್ಟೆ ಇಡುವ ಗುಂಡಿಗಳಲ್ಲಿ ಟೋಪಿಗಳು, ನಡುವಿನ ತಟ್ಟೆಯಲ್ಲಿ ಮಡಚಿದ ಶೇರವಾನಿ. ಪಂಪಣ್ಣ ಬರೆದ: 'ಫ್ರಿಜ್ಜು ಒಂದು, ಬಟ್ಟೆ ಸಹಿತ.'

ಓಣಿಯ ತುದಿಗೆ ಲಾಲಮ್ಮನ ಮನೆ. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಮೊಮ್ಮಗಳು ಪರಿಮಳಾಳನ್ನು ಪಿಯುಸಿ ಓದಿಸುತ್ತ ಇಬ್ಬರೇ ಇದ್ದರು. ಆಕೆ ಅಡುಗೆ ಮಾಡುತ್ತಿದ್ದ ಮನೆಯ ಮಾಸ್ತರರು ವರ್ಗವಾಗಿ ಹೋಗುವಾಗ ಹಳೆಯ ಫ್ರಿಜ್ಜೊಂದನ್ನು ಕೊಟ್ಟಿದ್ದರು. ಅದರಲ್ಲಿ ಐಸ್‌ಕ್ಯಾಂಡಿ ಮಾಡಿ ಶಾಲೆಯ ಮುಂದೆ ಮಾರುತ್ತಿದ್ದಳು.

"ಬಾ ತಮ್ಮಾ. ಬಿಸಲಾಗ ಬಂದೀದಿ, ಒಂದು ತಿನ್ನು," ಎಂದು ಲಾಲಮ್ಮ ಕಿತ್ತಳೆ ಬಣ್ಣದ್ದೊಂದನ್ನು ಕೈಗೆ ಕೊಟ್ಟಳು. ಪಂಪಣ್ಣ ಸಾಕ್ಷ್ಯವನ್ನು ಕೊನೆಯ ಹನಿಯವರೆಗೂ ಪರಿಶೀಲಿಸಿ, ಕಡ್ಡಿಯನ್ನು ಎಸೆದು, ಡೈರಿ ತೆಗೆದ.

ಮೊದಲ ದೂರಿಗೆ ಲಾಲಮ್ಮನ ಫ್ರಿಜ್ಜನ್ನೇ ಅವನು ಆರಿಸಿದ್ದಕ್ಕೆ ದ್ವೇಷ ಕಾರಣವಲ್ಲ. ಅಲ್ಲಿ ಪುರಾವೆ ಪೂರ್ತಿ ಇತ್ತು, ಅಷ್ಟೇ. ಅಂಗಡಿಯಲ್ಲಿ ಕೂತು ಟೈಪು ಮಾಡಿದ: 'ಗೌಪ್ಯ. ಮಾನ್ಯರೇ, ಸದರಿ ಫಲಾನುಭವಿಯು ಫ್ರಿಜ್ಜನ್ನು ಹೊಂದಿದ್ದು, ಅದರಲ್ಲಿ ತಂಪು ಪದಾರ್ಥಗಳನ್ನು ತಯಾರಿಸಿ ಐಷಾರಾಮಿ ಜೀವನ ನಡೆಸುತ್ತಿರುತ್ತಾಳೆ. ತಿಂದು ನೋಡಿ ಖಚಿತಪಡಿಸಿಕೊಂಡಿರುತ್ತೇನೆ.' ಗಾಜಿನ ಮೇಲಿಟ್ಟು ಮೂರು ಪ್ರತಿ ತೆಗೆದ. ಒಂದನ್ನು ಲಕೋಟೆಗೆ ಹಾಕಿ ಸುರಪುರಕ್ಕೆ ರಿಜಿಸ್ಟರ್ ಮಾಡಿಸಿ ಬಂದ. ಮೂಲಪ್ರತಿ ಗಾಜಿನ ಮೇಲೆಯೇ ಉಳಿಯಿತು.

ಆಮೇಲೆ ಮೌನಮ್ಮ ಬ್ಯಾಂಕಿನ ಪಾಸ್‌ಬುಕ್ ಹಿಡಿದು ಬಂದಳು. ಪಂಪಣ್ಣ ಫೋನಿನಲ್ಲಿ ಯಾರಿಗೋ ಗೌಪ್ಯತೆಯ ಮಹತ್ವ ಹೇಳುತ್ತಿದ್ದ. ಹಾಗೆಯೇ ಮುಚ್ಚಳ ಎತ್ತಿ, ಪಾಸ್‌ಬುಕ್ ಮಗುಚಿ ಹಾಕಿ, ಗುಂಡಿ ಒತ್ತಿ, ಬಂದ ಕಾಗದವನ್ನು ಮಡಚಿ ಕೊಟ್ಟ. ಮೌನಮ್ಮನಿಗೆ ಓದು ಬಾರದು. ಬ್ಯಾಂಕಿನ ಗುಮಾಸ್ತನಿಗೆ ಬರುತ್ತಿತ್ತು. ಅವನು ಕಾಗದ ಬಿಚ್ಚಿ, ಹುಬ್ಬು ಹಾರಿಸಿ, "ಯಾರವ್ವಾ ಈ ಲಾಲಮ್ಮ? ಐಷಾರಾಮಿ ಅಂತ ಬರದದ" ಎಂದು ಸಾಲಿನಲ್ಲಿ ನಿಂತ ಹದಿನೈದು ಜನರ ಎದುರು ಪೂರ್ತಿ ಓದಿದ. ಮೌನಮ್ಮ ಹಣ ಬಿಡಿಸುವುದನ್ನೂ ಮರೆತು ಓಣಿಗೆ ಓಡಿದಳು.

ಮಧ್ಯಾಹ್ನದ ಹೊತ್ತಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ಪಾರ್ವತಿಬಾಯಿಯ ಬಾಗಿಲಲ್ಲಿದ್ದರು. ಸರದಾರಸಾಬನೂ ಇದ್ದ. ಪಾರ್ವತಿಬಾಯಿ ಕಾಗದವನ್ನು ಎರಡು ಸಲ ಓದಿದಳು. ಬೈಯಲಿಲ್ಲ. ಲಾಲಮ್ಮನ ಕಡೆ ನೋಡಲಾರದೆ ನೆಲ ನೋಡಿದಳು. ಆಮೇಲೆ ಸೊಂಟದಿಂದ ಕೀಲಿಕೈ ತೆಗೆದಳು.

"ಹಿತ್ತಲದಾಗ ಕೊಟ್ಟಿಗಿ ಖಾಲಿ ಅದ. ಏನೇನದ ಎಲ್ಲಾ ತಂದು ಇಡ್ರಿ."

"ಎವ್ವಾ, ಅಂವನ ಮನ್ಯಾಗೇ?" ಎಂದಳು ಮೌನಮ್ಮ.

"ಅಂವ ಊರಮಂದಿ ಮನಿ ನೋಡ್ತಾನ, ತನ್ನ ಮನಿ ನೋಡಂಗಿಲ್ಲ. ಮತ್ತ ಹೊಟ್ಟಿನ ಧೂಳಿಗೆ ಸೀನು ಬರ್ತಾವಂತ ಏಳು ವರ್ಷದಿಂದ ಕೊಟ್ಟಿಗಿ ಕಡಿ ಮುಖ ಹಾಕಿಲ್ಲ. ಲಾಲಮ್ಮವ್ವಾ, ನಿಂದು ಮೊದಲ ಬರಲಿ. ವಾಯರ್ ಹಾಕಿ ಕೊಡ್ತೀನಿ, ಅಲ್ಲೇ ಕುಂತು ವ್ಯಾಪಾರ ಮಾಡು."

ಒಂದು ವಾರ ಹಾಡಹಗಲೇ ಸಾಗಾಣಿಕೆ ನಡೆಯಿತು. ಪಂಪಣ್ಣ ಅಂಗಡಿಯಲ್ಲಿ ಕೂತು ಎದುರಿಗೇ ಹಾದು ಹೋಗುವ ಬಂಡಿಗಳನ್ನು ನೋಡುತ್ತಿದ್ದ. ಮೇಲೆ ಮೇವು, ಮೇವಿನ ಕೆಳಗೆ ಮೌನಮ್ಮನ ಫ್ರಿಜ್ಜು. "ಈ ವರ್ಷ ಮೇವು ಚೊಲೋ ಬಂದದ" ಎಂದು ಗಿರಾಕಿಗಳಿಗೆ ಹೇಳಿದ. ಮನೆಯಲ್ಲಿ ಮಜ್ಜಿಗೆ ಇದ್ದಕ್ಕಿದ್ದಂತೆ ತಂಪಾಯಿತು. "ಏನ್ ಪಾರ್ವತೀ, ಹಲ್ಲು ಜುಮ್ ಅಂತದ!" ಎಂದರೆ ಅವಳು "ಹೊಸ ಗಡಿಗಿ ತಂದೀನಿ" ಎಂದಳು. ಮಣ್ಣಿನ ಗಡಿಗೆಯ ಗುಣದ ಬಗ್ಗೆ ಪಂಪಣ್ಣ ಅಂದು ಊಟ ಮುಗಿಯುವವರೆಗೂ ಭಾಷಣ ಮಾಡಿದ. ಅವಳು ಇನ್ನೊಂದು ಲೋಟ ಸುರಿದಳು.

ಅದೇ ವಾರ ರೇಷನ್ ಕೊಡುವ ದಿನ ಬಂತು. ಅಂದು ಸಂಜೆ ಲಾಲಮ್ಮ ಖಾಲಿ ಚೀಲ ಹಿಡಿದು ಪಂಪಣ್ಣನ ಅಂಗಡಿಯ ಮುಂದೆ ನಿಂತಳು.

"ತಮ್ಮಾ, ನಾ ಕೊಟ್ಟ ಐಸ್ ಚೊಲೋ ಇರಲಿಲ್ಲೇನು?"

ಪಂಪಣ್ಣ ಕನ್ನಡಕ ತೆಗೆದು ಒರೆಸತೊಡಗಿದ.

"ಮಲ್ಕಪ್ಪ ಅಂದ, 'ಪಂಪಣ್ಣನ ಅರ್ಜಿ ಹೋಗೇದ, ನಿನ್ನ ಕಾರ್ಡು ಬಂದ್ ಆಗೇದ' ಅಂತ. ಚೊಲೋ ಇಲ್ದಿದ್ರ ಅವತ್ತೇ ಹೇಳಿದ್ರ ಆಗ್ತಿತ್ತು. ಸಕ್ರಿ ಜಾಸ್ತಿ ಹಾಕ್ತಿದ್ದೆ."

"ಯವ್ವಾ... ಕಾಯ್ದೆ..." ಎಂದ ಪಂಪಣ್ಣ. ಆಕೆ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದಳು. ಅಂದು ಅವನಿಗೆ ಊಟ ಸೇರಲಿಲ್ಲ. ಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿ ಎರಡೇ ದಿನಕ್ಕೆ ತಳ ಕಂಡಿತು. ರೊಟ್ಟಿಗಳು ಯಾರ ಮನೆಗೆ ಹೋಗುತ್ತಿವೆ ಎಂದು ಅವನೂ ಕೇಳಲಿಲ್ಲ, ಪಾರ್ವತಿಬಾಯಿಯೂ ಹೇಳಲಿಲ್ಲ.

ಬೇಸರ ಕಳೆಯಲು ಪಂಪಣ್ಣನಿಗೆ ಗೊತ್ತಿದ್ದುದು ಒಂದೇ ದಾರಿ, ಕರ್ತವ್ಯ. ಮೇ ತಿಂಗಳಲ್ಲಿ ಎರಡನೆಯ ತಪಾಸಣೆಗೆ ಹೊರಟ. ನೋಡುತ್ತಾನೆ, ಓಣಿಯಲ್ಲಿ ಏನೂ ಇಲ್ಲ! ಒಂದು ಫ್ರಿಜ್ಜಿಲ್ಲ, ಬೈಕಿಲ್ಲ, ಕೂಲರಿಲ್ಲ. ನಲವತ್ಮೂರು ಡಿಗ್ರಿ ಬಿಸಿಲಿನಲ್ಲಿ ಜನ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ, ಅವನನ್ನು ಕಂಡೊಡನೆ ಇನ್ನಷ್ಟು ಜೋರಾಗಿ ಬೀಸಿಕೊಂಡರು. "ಬಡತನ ನೋಡ್ರಿ" ಎಂದ ಸರದಾರಸಾಬ, ಶೇರವಾನಿ ಇಡಲೂ ಜಾಗವಿಲ್ಲದ ದನಿಯಲ್ಲಿ.

ಪಂಪಣ್ಣ ಮಲ್ಕಪ್ಪನ ಬಳಿ ಓಡಿದ. "ಇಡೀ ಓಣಿ ನೋಡ್ತ ನೋಡ್ತ ಬಡವ ಆಗೇದ! ಮ್ಯಾಲಿನವರಿಗೆ ಬರೀತೀನಿ."

ಮಲ್ಕಪ್ಪ ತಕ್ಕಡಿಯಿಂದ ಕೈ ತೆಗೆದ. "ಬರಿಯೋದು ಬ್ಯಾಡ್ರಿ. ದೊಡ್ಡವರಿಗೆ ಯಾಕ ತ್ರಾಸ? ಅವ್ರು ಇಲ್ಲಿತನಕಾ ಬರೋದು ಅಂದ್ರ..."

"ಬರಲೇಬೇಕು," ಎಂದ ಪಂಪಣ್ಣ. ಮಲ್ಕಪ್ಪ ಅವನನ್ನು ಸಮಿತಿಗೆ ಸೇರಿಸಿಕೊಂಡದ್ದು ಎಲ್ಲಿ ಬೇಕಾದರೂ ಇಣುಕಲಿ, ತಕ್ಕಡಿಯ ಕಡೆ ಮಾತ್ರ ಇಣುಕದಿರಲಿ ಎಂದು. ಆದರೆ ಉತ್ಸಾಹಿಯನ್ನು ಸಾಕುವುದು ಹೋರಿ ಸಾಕಿದಂತೆ. ಯಾವ ಕಡೆ ಹಾಯುತ್ತದೆಂಬುದು ಸಾಕಿದವನಿಗೂ ತಿಳಿಯದು. 'ಓಣಿಯಲ್ಲಿ ಸಂಶಯಾಸ್ಪದ ಬಡತನ ಕಂಡುಬಂದಿರುತ್ತದೆ' ಎಂಬ ಪತ್ರ ಮರುದಿನವೇ ಸುರಪುರಕ್ಕೆ ಹೋಯಿತು.

ಹತ್ತು ದಿನಕ್ಕೆ ಸುನಿತಾ ಮೇಡಂ ಜೀಪಿನಲ್ಲಿ ಬಂದಿಳಿದರು. ಅಂಥ ಪತ್ರ ತಮ್ಮ ಸರ್ವೀಸಿನಲ್ಲಿ ಬಂದಿರಲಿಲ್ಲವಂತೆ. ಪಂಪಣ್ಣ ಕೊರಳ ಚೀಟಿಯನ್ನು ನೇರ ಮಾಡಿಕೊಂಡು ಮುಂದೆ ನಡೆದ. ಎಂಟು ಮನೆ ನೋಡಿದರು. ಎಂಟರಲ್ಲೂ ಮೂಲೆಯಲ್ಲಿ ಧೂಳಿಲ್ಲದ ಒಂದು ಚೌಕ, ಅದರ ನಾಲ್ಕು ಮೂಲೆಗೆ ನಾಲ್ಕು ಕಾಲಿನ ಗುರುತು.

"ಇಲ್ಲೇನಿತ್ತವ್ವಾ?" ಎಂದು ಮೇಡಂ ಮೌನಮ್ಮನನ್ನು ಕೇಳಿದರು.

"ದೇವರಿದ್ದನ್ರಿ. ಎದ್ದು ಹೋಗ್ಯಾನ."

ಮೇಡಂಗೆ ಬಿಸಿಲಿಗೆ ತಲೆ ತಿರುಗುವಂತಾಯಿತು. ಪಂಪಣ್ಣ ತನ್ನ ಮನೆಗೆ ಕರೆತಂದು ಕುರ್ಚಿ ಹಾಕಿದ. ಪಾರ್ವತಿಬಾಯಿ ಮಜ್ಜಿಗೆ ತಂದುಕೊಟ್ಟಳು. ಲೋಟದ ಹೊರಮೈ ಬೆವತಿತ್ತು.

"ಎಷ್ಟು ತಣ್ಣಗದರಿ!"

"ಮಣ್ಣಿನ ಗಡಿಗಿ ಮೇಡಂ," ಎಂದ ಪಂಪಣ್ಣ ಹೆಮ್ಮೆಯಿಂದ. "ನಮ್ಮ ಮನ್ಯಾಗ ಫ್ರಿಜ್ಜು ಕಾಲಿಡಂಗಿಲ್ಲ."

ಮೇಡಂ ಲೋಟದೊಳಗೆ ಬೆರಳಾಡಿಸಿ ಒಂದು ತುಂಡು ಎತ್ತಿ ಹಿಡಿದರು. "ಗಡಿಗ್ಯಾಗ ಬರ್ಫೂ ಬೀಳ್ತದೇನ್ರಿ?"

ಪಂಪಣ್ಣ ಆ ಬರ್ಫನ್ನು ಕಣ್ಣರಳಿಸಿ ನೋಡುತ್ತಿರುವಾಗಲೇ ಸರದಾರಸಾಬ ಗಡಿಬಿಡಿಯಿಂದ ಒಳಗೆ ನುಗ್ಗಿದ. ಶಹಾಪುರದಲ್ಲಿ ತಂಗಿಯ ಮಗನ ನಿಕಾಹ್, ಬಸ್ಸು ನಿಂತಿತ್ತು. ಯಾರನ್ನೂ ನೋಡದೆ ನೇರ ಹಿತ್ತಲಿಗೆ ಹೋದ. ಧಡಕ್ ಎಂದು ಯಾವುದೋ ಬಾಗಿಲು ತೆಗೆದ ಸದ್ದು, ಮುಚ್ಚಿದ ಸದ್ದು. ಶೇರವಾನಿ ತೋಳಿಗೆ ಹಾಕಿಕೊಂಡು ಹೊರಬಂದು, "ಪಾರ್ವತಿಬಾಯಿ, ಶೇರವಾನಿ ಸಿಕ್ತು. ಪೈಜಾಮ ಮೌನಮ್ಮನ ಫ್ರಿಜ್ಜಿನ್ಯಾಗ ಸೇರೇದೇನ ನೋಡ್ರಿ, ಇಲ್ಲಂದ್ರ ಗಟ್ಟಿ ಆಗಿಬಿಡ್ತದ" ಎಂದ. ಆಮೇಲೆ ಮೇಡಂ ಕಂಡರು. "ಸಲಾಂ ಮೇಡಂ," ಎಂದು, ಪೈಜಾಮದ ಆಸೆ ಬಿಟ್ಟು, ಬಸ್ಸಿನ ಕಡೆ ಓಡಿದ.

ಎಲ್ಲರೂ ಹಿತ್ತಲಿಗೆ ನಡೆದರು. ಕೊಟ್ಟಿಗೆಯ ಬಾಗಿಲಲ್ಲೇ ಪಂಪಣ್ಣ ಏಳು ಸಲ ಸೀನಿ, ಕಣ್ಣೊರೆಸಿ ನೋಡಿದ. ಎಂಟು ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಎರಡು ಕೂಲರು, ಸೀರೆ ಹೊದ್ದು ನಿಂತ ಮೂರು ಬೈಕುಗಳು. ನಡುವೆ ಮಣೆ ಹಾಕಿಕೊಂಡು ಲಾಲಮ್ಮ ಐಸ್‌ಕ್ಯಾಂಡಿಗೆ ಕಡ್ಡಿ ಚುಚ್ಚುತ್ತಿದ್ದಳು. ಓಣಿಯಲ್ಲಿ ಅಷ್ಟು ಶ್ರೀಮಂತ ಮನೆ ಇನ್ನೊಂದಿರಲಿಲ್ಲ.

"ಪಾರ್ವತೀ, ಇದೆಲ್ಲಾ ಯಾರದು?"

"ನಿಮ್ಮ ಡೈರಿ ತಗೀರಿ. ಎಲ್ಲಾ ನೀವೇ ಬರದೀರಿ."

ಪಂಪಣ್ಣ ಡೈರಿ ತೆಗೆದು ತಾಳೆ ನೋಡಿದ. ಒಂದೂ ತಪ್ಪಿರಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಮೇಡಂ ಮುಂದೆ ನಿಂತ. "ಬರಕೊಳ್ರಿ ಮೇಡಂ. ನಮ್ಮ ಕಾರ್ಡೂ ರದ್ದು ಮಾಡ್ರಿ. ಕಾಯ್ದೆ ಎಲ್ಲಾರಿಗೂ ಒಂದೇ."

ಸುನಿತಾ ಮೇಡಂ ಅವನ ಕೈಯಿಂದ ಡೈರಿ ತೆಗೆದುಕೊಂಡು ಓದಿದರು. "ಫ್ರಿಜ್ಜು, ಬೈಕು ಇದ್ರ ಕಾರ್ಡು ಹೋಗ್ತದಂತ ನಿಮಗ ಯಾರ್ ಹೇಳಿದ್ರು?"

"ನೀವೇ ಹೇಳಿದ್ರಲ್ರಿ. ಸುರಪುರದಾಗ, ತರಬೇತ್ಯಾಗ."

"ನಾ ಹೇಳಿದ್ದು, ಹಂಗಂತ ಮೊಬೈಲಿನ್ಯಾಗ ತಿರಗ್ಯಾಡಾಕತ್ತದ, ಅದು ಸುಳ್ಳು, ಜನರಿಗೆ ತಿಳಿಸ್ರಿ ಅಂತ. ನೀವ್ ಎಲ್ಲಿ ಕುಂತಿದ್ರಿ?"

"ಕೂಲರಿನ ಬಾಜೂಕ್ರಿ."

ಹಿಂದೆಯೇ ಬಂದಿದ್ದ ಮೌನಮ್ಮ ನಗಲಾರಂಭಿಸಿದಳು. ಬಸ್ ನಿಲ್ದಾಣದವರೆಗೂ ಕೇಳಿಸಿತು. ಲಾಲಮ್ಮ ಮಾತ್ರ ನಗಲಿಲ್ಲ. ಕಡ್ಡಿ ಕೆಳಗಿಟ್ಟು ಎದ್ದು ನಿಂತಳು.

"ಹಂಗಿದ್ರ ನನ್ನ ಕಾರ್ಡು ಯಾಕ ಬಂದ್ ಆಯ್ತವ್ವಾ?"

"ಯಾರದೂ ಬಂದ್ ಆಗಿಲ್ಲ. ಇವರ ಅರ್ಜಿ ನನ್ನ ಟೇಬಲ್ಲಿನ್ಯಾಗೇ ಬಿದ್ದದ." ಮೇಡಂ ಫೋನಿನಲ್ಲಿ ಲಾಲಮ್ಮನ ಕಾರ್ಡಿನ ಸಂಖ್ಯೆ ಒತ್ತಿದರು. ಮುಖ ಗಂಭೀರವಾಯಿತು. "ಹೋದ ತಿಂಗಳೂ ಅಕ್ಕಿ ಕೊಟ್ಟೀವಿ, ಈ ತಿಂಗಳೂ ಕೊಟ್ಟೀವಿ ಅಂತ ತೋರಿಸ್ತದ. ನೀವು ಹೆಬ್ಬೆಟ್ಟು ಒತ್ತೀರೇನು?"

"ಒತ್ತೀನ್ರಿ. ಮಲ್ಕಪ್ಪ ಮೊದಲ ಒತ್ತಿಸ್ಕೊಂತಾನ, ಆಮ್ಯಾಲೆ ಬಂದ್ ಆಗೇದ ಅಂತಾನ."

"ನಮ್ಮವೂ ಪೂರಾ ಎಲ್ಲಿ ಬರ್ತಾವ್ರಿ?" ಎಂದಳು ಪಾರ್ವತಿಬಾಯಿ. "ಹತ್ತು ಕಿಲೋ ಅಂದ್ರ ಮನ್ಯಾಗ ಎಂಟೂವರೆ ಆಗ್ತದ. ಕೇಳಿದ್ರ ಚೀಲ ಸೋರೇದ ಅಂತಾನ."

ಮೇಡಂ ಪಂಪಣ್ಣನ ಕಡೆ ತಿರುಗಿದರು. "ಜಾಗೃತಿ ಸಮಿತಿ ಇರೋದು ಎದಕ್ಕಂತ ತಿಳಿದೀರಿ? ಜನರ ಮನಿ ನೋಡಾಕಲ್ಲ. ಅಂಗಡಿ ತಕ್ಕಡಿ ನೋಡಾಕ."

ಪಂಪಣ್ಣ ಕೊರಳಿನ ಚೀಟಿಯನ್ನು ಅಂಗಿಯೊಳಗೆ ತೂರಿಸಿದ.

ಮೌನಮ್ಮನ ಮನೆಯಿಂದ ಇನ್ನೂ ಬಾಯಿ ಬಿಚ್ಚದ, ಈ ತಿಂಗಳ ಒಂದು ಅಕ್ಕಿ ಚೀಲ ಹೊರಬಂತು. ಅದನ್ನು ಮುಂದಿಟ್ಟುಕೊಂಡು ಇಡೀ ಓಣಿ ಮಲ್ಕಪ್ಪನ ಅಂಗಡಿಗೆ ಮೆರವಣಿಗೆ ಹೊರಟಿತು. ಮೇಡಂ ಜೀಪಿನಲ್ಲಿದ್ದ ತಕ್ಕಡಿ ತರಿಸಿ ತೂಗಿಸಿದರು. ಹತ್ತು ಇರಬೇಕಾದದ್ದು ಎಂಟೂವರೆಗೆ ನಿಂತಿತು.

ಮಲ್ಕಪ್ಪ ಅಂಜಲಿಲ್ಲ. ಉದ್ದನೆಯ ಪುಸ್ತಕ ತೆಗೆದು ಬಿಚ್ಚಿದ. "ನೋಡ್ರಿ ಮೇಡಂ. ತಿಂಗಳಾ ತಿಂಗಳಾ ಸಮಿತಿಯವರು ನಿಂತು ತೂಕ ನೋಡ್ಯಾರ. 'ಪರಿಶೀಲಿಸಿದೆ, ಸರಿ ಇದೆ.' ಪಂಪಣ್ಣೋರ ಸಹಿ."

ಮೇಡಂ ಪುಟ ತಿರುವಿದರು. ಏಪ್ರಿಲ್, ಸರಿ ಇದೆ. ಮೇ, ಸರಿ ಇದೆ. ಜೂನ್, ಜುಲೈ, ದೀಪಾವಳಿ ದಾಟಿ ಬರುವ ಮಾರ್ಚ್‌ವರೆಗೂ ಸರಿ ಇತ್ತು.

"ಮುಂದಿನ ಮಾರ್ಚ್ ಇನ್ನಾ ಬಂದಿಲ್ಲಲ್ರಿ?"

"ಬರ್ತದಲ್ರಿ ಮೇಡಂ," ಎಂದ ಮಲ್ಕಪ್ಪ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವನ ದನಿ ಇಳಿದಿತ್ತು.

ಮೇಡಂ ಜೀಪಿನತ್ತ ಹೋದಾಗ ಅವನು ಪಂಪಣ್ಣನ ಕಿವಿಗೆ ಬಾಯಿಟ್ಟ. "ಏಪ್ರಿಲ್, ಮೇ ನಿಮ್ಮ ಮುಂದೇ ತೂಗೀನಿ ಅನ್ರಿ, ಇಬ್ಬರೂ ಉಳೀತೀವಿ. ಇಲ್ಲಂದ್ರ ಮೊದಲ ಹೋಗಾವ್ರು ನೀವು. ಸಹಿ ನಿಮ್ಮದು."

ಮಾತು ನಿಜವಾಗಿತ್ತು. ಪಂಪಣ್ಣ ಪುಸ್ತಕ ನೋಡಿದ. ಅವನ ಸಹಿಯ ಬಾಲಗಳು ಪುಟದಿಂದ ಪುಟಕ್ಕೆ ಉದ್ದವಾಗುತ್ತ ಹೋಗಿದ್ದವು. ಮಲ್ಕಪ್ಪನ ಬಾಗಿಲಲ್ಲಿ ಲಾಲಮ್ಮ ಅದೇ ಖಾಲಿ ಚೀಲ ಹಿಡಿದು ನಿಂತಿದ್ದಳು. ತಕ್ಕಡಿ ಬಂದಿದೆ, ಇವತ್ತಾದರೂ ಕೊಡುತ್ತಾರೇನೋ ಎಂದು ಮನೆಯಿಂದ ತಂದಿದ್ದಳು.

"ಒಂದು ಹಾಳಿ ಕೊಡ್ರಿ," ಎಂದ ಪಂಪಣ್ಣ.

ಗೌಪ್ಯ, ಸದರಿ, ಮಾನ್ಯರೇ ಯಾವುದೂ ಹೊಳೆಯಲಿಲ್ಲ. 'ತೂಕ ನಾನು ಒಂದು ಸಲವೂ ನೋಡಿಲ್ಲ. ನೋಡದೆ ಸಹಿ ಮಾಡಿದ್ದೇನೆ, ಹನ್ನೆರಡೂ ಒಂದೇ ದಿನ. ಲಾಲಮ್ಮನ ಬಗ್ಗೆ ಬರೆದದ್ದು ತಪ್ಪು.' ಅವನು ಬರೆದ ಅರ್ಜಿಗಳಲ್ಲೇ ಅತಿ ಚಿಕ್ಕದು. ಅದನ್ನು ಹಿಡಿದು ಅವನು ತನ್ನ ಅಂಗಡಿಯ ಕಡೆ ಹೊರಟಾಗ ಪಾರ್ವತಿಬಾಯಿ ತೋಳು ಹಿಡಿದಳು. "ಝೆರಾಕ್ಸ್ ಬ್ಯಾಡ. ಹಂಗೇ ಕೊಡ್ರಿ."

ಅಂದೇ ಲಾಲಮ್ಮನಿಗೆ ಎರಡು ತಿಂಗಳ ಅಕ್ಕಿ ತೂಗಿ ಕೊಡಿಸಿದ ಮೇಡಂ, ಮಲ್ಕಪ್ಪನ ಅಂಗಡಿಗೆ ಬೀಗ ಹಾಕಿ ಮೊಹರು ಒತ್ತಿದರು. ಪಂಪಣ್ಣ ಕೈಮುಗಿದು ತನ್ನನ್ನು ಸಮಿತಿಯಿಂದ ತೆಗೆದುಹಾಕಿ ಎಂದು ಬೇಡಿಕೊಂಡ.

"ತಗದ್ರ ನೀವು ಆರಾಮ ಆಗ್ತೀರಿ," ಎಂದರು ಮೇಡಂ. "ತಗಿಯಂಗಿಲ್ಲ. ಮುಂದಿನ ತಿಂಗಳಿಂದ ತಕ್ಕಡಿ ಮುಂದ ನಿಂದರಬೇಕು."

ಓಣಿಯಲ್ಲಿ ಪಂಪಣ್ಣನ ಹೆಸರು ಬೆಳಗಿತೆಂದು ತಿಳಿದರೆ ಅದು ತಪ್ಪು. ಅಂಗಡಿ ಮುಚ್ಚಿದ್ದರಿಂದ ಎಲ್ಲರ ಕಾರ್ಡುಗಳನ್ನೂ ಹಳ್ಳದಾಚೆಯ ಅಂಗಡಿಗೆ ಸೇರಿಸಿದರು. ಬಿಸಿಲಿನಲ್ಲಿ ಒಂದೂವರೆ ಕಿಲೋಮೀಟರು. ಚೀಲ ಹೊತ್ತು ನಡೆಯುವಾಗ ಜನ ಮಲ್ಕಪ್ಪನನ್ನು ನೆನೆದು ನಿಟ್ಟುಸಿರು ಬಿಟ್ಟರು. "ಕಳ್ಳ ಖರೆ, ಆದ್ರ ಬಾಜೂಕೇ ಇದ್ದ" ಎಂದಳು ಮೌನಮ್ಮ. ನಿಕಾಹ್‌ಗೆ ಪೈಜಾಮವಿಲ್ಲದೆ ಲುಂಗಿಯ ಮೇಲೆ ಶೇರವಾನಿ ತೊಟ್ಟಿದ್ದ ಸರದಾರಸಾಬ ಎರಡು ವಾರ ಪಂಪಣ್ಣನ ಜೊತೆ ಮಾತೇ ಆಡಲಿಲ್ಲ.

ಜೂನ್ ತಿಂಗಳ ರೇಷನ್ ದಿನ ಪಂಪಣ್ಣ ಹಳ್ಳದಾಚೆಯ ಅಂಗಡಿಯ ತಕ್ಕಡಿಯ ಮುಂದೆ ನಿಂತ. ಕೊರಳಲ್ಲಿ ಏನೂ ಇರಲಿಲ್ಲ. ಮೊದಲು ಖಾಲಿ ತಕ್ಕಡಿ ಸೊನ್ನೆಗೆ ನಿಂತಿದೆಯೇ ನೋಡಿದ. ಆಮೇಲೆ ಪ್ರತಿ ಚೀಲವನ್ನೂ ಎರಡು ಸಲ ತೂಗಿಸಿದ. ಸಾಲು ರಸ್ತೆಗೆ ಬಂತು.

"ಲೇ ಪಂಪಣ್ಣಾ, ಬಿಸಲಾಗ ಸಾಯಾಕತ್ತೀವಿ, ಜಲ್ದಿ ಬಿಡೋ!" ಎಂದು ಮೌನಮ್ಮ ಕೂಗಿದಳು.

"ಐವತ್ತು ಗ್ರಾಂ ಕಮ್ಮಿ ಅದವ್ವಾ, ತಡಿ."

"ಐವತ್ತು ಗ್ರಾಂ ನಿನ್ನ ತೆಲಿ ಮ್ಯಾಲೆ ಹಾಕ್ಕೊ!"

ಅವನು ಐವತ್ತು ಗ್ರಾಂ ಹಾಕಿಸಿಯೇ ಬಿಟ್ಟ. ಸಂಜೆಯವರೆಗೆ ನಲವತ್ತೊಂದು ಚೀಲ ತೂಗಿದವು. ಒಬ್ಬರೂ 'ಚೊಲೋ ಆಯ್ತು' ಅನ್ನಲಿಲ್ಲ. ಕೊನೆಯದು ಅವನದೇ ಚೀಲ. ಅದು ಒಂದು ಮುಷ್ಟಿ ಹೆಚ್ಚಿತ್ತು. ಪಂಪಣ್ಣ ಆ ಮುಷ್ಟಿಯನ್ನು ತೆಗೆದು ತಿರುಗುವಷ್ಟರಲ್ಲಿ ಅಂಗಡಿಯವನು ತಕ್ಕಡಿ ಒಳಗಿಟ್ಟು ಶಟರು ಎಳೆದಾಗಿತ್ತು. "ಇರಲಿ ಬಿಡ್ರಿ, ಪುಸ್ತಕ ಬರದು ಮುಗದದ," ಎಂದು ಅವನು ಸೈಕಲ್ ಹತ್ತಿದ.

ಪಂಪಣ್ಣ ಬಿಗಿಹಿಡಿದ ಮುಷ್ಟಿಯಲ್ಲಿ ಸರ್ಕಾರದ ಅಕ್ಕಿ ಹಿಡಿದುಕೊಂಡು ರಸ್ತೆಯಲ್ಲಿ ನಿಂತ. ಚೀಲಕ್ಕೆ ಹಾಕುವಂತಿಲ್ಲ, ಚೆಲ್ಲುವಂತಿಲ್ಲ. ಅವನ ಸ್ಕೂಟರಿನ ಹಿಂದೆ ಕೂತು ಹೋಗಲೆಂದು ಚೀಲದ ಮೇಲೆ ಕಾಯುತ್ತಿದ್ದ ಲಾಲಮ್ಮ ಸೆರಗು ಒಡ್ಡಿದಳು.

"ಇತ್ತ ಹಾಕು ತಮ್ಮಾ. ನಮ್ಮ ಕೋಳಿಗೆ ಆಗ್ತದ."

ಪಂಪಣ್ಣ ಕೈ ಮುಂದೆ ಚಾಚಿದವನು ಅರ್ಧಕ್ಕೇ ನಿಂತ. "ಯವ್ವಾ, ಕೋಳಿ ಎಷ್ಟ ಅದಾವ?"

"ಯಾಕ? ಬರಕೊಂತೀಯೇನು?"

ಪಂಪಣ್ಣನ ಇನ್ನೊಂದು ಕೈ ಡೈರಿಯ ಜೇಬಿಗೆ ಇಳಿದಿತ್ತು. ಬರಿಗೈಯನ್ನೇ ಹೊರಗೆ ತೆಗೆದ.

"ಇಲ್ಲವ್ವಾ," ಎಂದು ಮುಷ್ಟಿ ಬಿಚ್ಚಿದ.